ನಿಲ್ಲಿಸಿದರೆ ನಿಲ್ಲೋಣ, ಆದರೆ ಬರಹದಲ್ಲಿ ಕೇಳೋಣ

2025ರ ಮೇ 26, ಮಂಡ್ಯ. ನಾಯಿ ಕಚ್ಚಿದ ಪುಟ್ಟ ಮಗಳನ್ನು ಹೆತ್ತವರು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ಬೈಕ್ ತಡೆದರು. ಆ ಗಲಿಬಿಲಿಯಲ್ಲಿ ಮಗು ರಸ್ತೆಗೆ ಬಿತ್ತು, ಹಿಂದಿನಿಂದ ಬಂದ ವಾಹನ ಹರಿಯಿತು, ಮಗು ಅಲ್ಲೇ ಹೋಯಿತು. ಮೂವರು ಎಎಸ್‌ಐಗಳ ಅಮಾನತಾಯಿತು. ‘ಈ ತಪಾಸಣೆ ನಾಟಕ ನಿಲ್ಲಿಸಿ’ ಎಂದು ಇಡೀ ರಾಜ್ಯ ಕೂಗಿತು.

ಮರುದಿನ, ಮೇ 27. ಬಂಟ್ವಾಳ ತಾಲೂಕಿನ ಕುರಿಯಾಳದಲ್ಲಿ ಹಾಡಹಗಲೇ ಒಬ್ಬ ಯುವಕನ ಕೊಲೆ. ಅದೇ ತಿಂಗಳ 1ರಂದು ಬಜಪೆಯಲ್ಲಿ ಇನ್ನೊಂದು ಕೊಲೆಯಾಗಿತ್ತು. ಬಂಟ್ವಾಳ, ಬೆಳ್ತಂಗಡಿ ಸೇರಿದಂತೆ ಜಿಲ್ಲೆಯ ಹಲವೆಡೆ ನಿಷೇಧಾಜ್ಞೆ ಬಂತು. ಈಗ ಕೂಗು ಉಲ್ಟಾ ಆಯಿತು: ‘ಗಾಡಿಗಳನ್ನು ಯಾಕೆ ತಡೆಯಲಿಲ್ಲ? ಚೆಕ್‌ಪೋಸ್ಟ್ ಎಲ್ಲಿತ್ತು? ಪೊಲೀಸರು ಎಂತ ಮಾಡ್ತಾ ಇದ್ರು?’

ಎರಡು ದಿನಗಳಲ್ಲಿ ಕೇಳಿಬಂದ ಈ ಎರಡು ಬೇಡಿಕೆಗಳೂ ನ್ಯಾಯವಾದವೇ. ಆದರೆ ಎರಡರ ನಡುವೆ ಸಿಕ್ಕಿಹಾಕಿಕೊಳ್ಳುವುದು ಮಾತ್ರ ಸ್ಕೂಟರ್ ಮೇಲೆ ಕೂತಿರುವ ನಾವು. ಕತ್ತಲಲ್ಲಿ ಒಂದು ಟಾರ್ಚ್ ಬೆಳಕು, ಒಂದು ಲಾಠಿ, ‘ಏ, ಸೈಡ್ ಹಾಕು’ ಎಂಬ ಒಂದು ಮಾತು. ಇದು ಸರಿಯಾದ ತಡೆಯೋ ಅಲ್ಲವೋ ಎಂದು ಆ ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವುದು ಹೇಗೆ? ಸುಮ್ಮನೆ ಹೇಳಿದ್ದು ಕೇಳಬೇಕಾ, ಪ್ರಶ್ನೆ ಮಾಡಬೇಕಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ನಿಲ್ಲಬೇಕು. ಪ್ರಶ್ನೆಯನ್ನು ಮಾತ್ರ ರಸ್ತೆಯಲ್ಲೇ ಬಿಟ್ಟು ಬರಬಾರದು. ಅದನ್ನು ಕಾಗದಕ್ಕೆ ಇಳಿಸಬೇಕು. ಇದು ಹೆದರಿದವರ ರಾಜಿಯಂತೆ ಕಾಣಬಹುದು. ಯಾಕೆ ಹಾಗಲ್ಲ ಅನ್ನುವುದನ್ನು ನಾರಾವಿಯಂಥ ಊರನ್ನು ಇಟ್ಟುಕೊಂಡು ವಿವರಿಸುತ್ತೇನೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ಸಲೀಸಾಗಿ ಕಾಣುವ ಸಂಗತಿಗಳು ಇಲ್ಲಿ ಅಷ್ಟು ಸಲೀಸಲ್ಲ.

ಒಂದೂರು, ಮೂರು ಪೊಲೀಸು

ನಾರಾವಿ ಪೇಟೆಯ ಮಧ್ಯದಲ್ಲೇ ಗುರುವಾಯನಕೆರೆ–ಕಾರ್ಕಳ ರಸ್ತೆ ಹಾದುಹೋಗುತ್ತದೆ. ಧರ್ಮಸ್ಥಳದ ಯಾತ್ರಿಕರ ಗಾಡಿಗಳು, ಮರಳಿನ ಟಿಪ್ಪರ್‌ಗಳು, ಹಾಲಿನ ಪಿಕಪ್‌ಗಳು, ಕಾಲೇಜಿಗೆ ಹೋಗುವ ಮಕ್ಕಳ ಸ್ಕೂಟರ್‌ಗಳು ಎಲ್ಲವೂ ಇದೇ ದಾರಿಯಲ್ಲಿ. ಊರು ಬೆಳ್ತಂಗಡಿ ತಾಲೂಕಿಗೆ ಸೇರಿದ್ದು, ಠಾಣೆ ವೇಣೂರು. ಅಂದರೆ ದಕ್ಷಿಣ ಕನ್ನಡ ಜಿಲ್ಲಾ ಎಸ್‌ಪಿ ವ್ಯಾಪ್ತಿ. ಹೊಸ್ಮಾರು ಕಡೆಗೆ ಸ್ವಲ್ಪ ದೂರ ಹೋದರೆ ಕಾರ್ಕಳ ತಾಲೂಕು. ಅಲ್ಲಿಂದ ಉಡುಪಿ ಜಿಲ್ಲಾ ಪೊಲೀಸ್. ಶಿರ್ತಾಡಿ ಮೇಲಿಂದ ಮೂಡುಬಿದಿರೆಗೆ ಇಳಿದರೆ ಅದು ಮಂಗಳೂರು ನಗರ ಪೊಲೀಸ್ ಕಮಿಷನರೇಟ್.

ಮನೆ ನಾರಾವಿ, ಕಾಲೇಜು ಮೂಡುಬಿದಿರೆ, ನೆಂಟರು ಬಜಗೋಳಿ. ಇಂಥ ಹುಡುಗಿಯೋ ಹುಡುಗನೋ ಅರ್ಧ ಲೀಟರ್ ಪೆಟ್ರೋಲ್ ಖರ್ಚಾಗುವಷ್ಟರಲ್ಲಿ ಮೂರು ಬೇರೆ ಬೇರೆ ಪೊಲೀಸ್ ಮುಖ್ಯಸ್ಥರ ವ್ಯಾಪ್ತಿ ದಾಟುತ್ತಾರೆ. ನಿಲ್ಲಿಸಿದವರು ಯಾವ ಠಾಣೆಯವರು ಎಂದು ಗೊತ್ತಿಲ್ಲದಿದ್ದರೆ ದೂರು ಕೊಡುವುದು ಎಲ್ಲಿ? ‘ಅದು ನಮ್ಮ ಲಿಮಿಟ್ ಅಲ್ಲ’ ಎಂಬ ಒಂದೇ ಮಾತಿನಲ್ಲಿ ಅರ್ಧ ದೂರುಗಳು ಸಾಯುತ್ತವೆ. ಹಾಗಾಗಿ ನಿಲ್ಲಿಸಿದವರ ಹೆಸರು, ಠಾಣೆ, ಸಮಯ ಮತ್ತು ಜಾಗ ಈ ನಾಲ್ಕು ವಿವರ ನಮ್ಮ ಊರಿನಲ್ಲಿ ಎಲ್ಲಾ ಸೆಕ್ಷನ್‌ಗಳಿಗಿಂತ ದೊಡ್ಡವು.

ಇನ್ನೊಂದು ವಿಷಯ. ಇಲ್ಲಿ ಒಂದೇ ರಸ್ತೆಯಲ್ಲಿ ಮೂರು ಥರದ ತಡೆ ನಡೆಯುತ್ತದೆ. ಹೆಲ್ಮೆಟ್ ಇಲ್ಲ, ಮೂರು ಜನ ಕೂತಿದ್ದಾರೆ ಅಂತ ಕಣ್ಣಿಗೆ ಕಾಣುವ ತಪ್ಪಿಗೆ ತಡೆಯುವುದು ಒಂದು. ಏನೂ ಕಾಣದಿದ್ದರೂ ‘ಡಾಕ್ಯುಮೆಂಟ್ಸ್ ತೋರಿಸು’ ಅನ್ನುವುದು ಎರಡನೆಯದು. ಕೊಲೆ, ಗಲಭೆ, ಚುನಾವಣೆ, ಜಾನುವಾರು ಸಾಗಾಟದ ಹೆಸರಿನಲ್ಲಿ ಹಾಕುವ ನಾಕಾಬಂದಿ ಮೂರನೆಯದು. ವಿವಾದ ಇರುವುದು ಹೆಚ್ಚಾಗಿ ಎರಡನೆಯದರಲ್ಲಿ. ಆದರೆ ಟಾರ್ಚ್ ಹಿಡಿದವರು ಯಾವ ಲೆಕ್ಕದಲ್ಲಿ ನಿಲ್ಲಿಸಿದ್ದಾರೆ ಎಂದು ನಮಗೆ ಹೇಳುವುದಿಲ್ಲ. ಎರಡನೆಯದಾಗಿ ಶುರುವಾದದ್ದು ಮಾತಿಗೆ ಮಾತು ಬೆಳೆದರೆ ಮೂರನೆಯದಾಗಿ ಬದಲಾಗಲು ಒಂದು ನಿಮಿಷ ಸಾಕು.

ರೀಲ್ಸ್ ಹೇಳುವ ಕಾನೂನು, ಪುಸ್ತಕದಲ್ಲಿರುವ ಕಾನೂನು

‘ಎಸ್‌ಐ ದರ್ಜೆಗಿಂತ ಕೆಳಗಿನವರು ನಿಮ್ಮನ್ನು ನಿಲ್ಲಿಸುವ ಹಾಗೇ ಇಲ್ಲ!’ ಎಂಬ ರೀಲ್ ನಿಮಗೂ ಬಂದಿರುತ್ತದೆ. ಇದನ್ನು ನಂಬಿ ಕಾನ್‌ಸ್ಟೇಬಲ್ ಮುಂದೆ ಎದೆ ಸೆಟೆಸಿ ನಿಂತರೆ ಕೆಟ್ಟೆವು.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 130 ನೋಡಿ. ಸಾರ್ವಜನಿಕ ಸ್ಥಳದಲ್ಲಿ ಗಾಡಿ ಓಡಿಸುವವರು ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೂ ಚಾಲನಾ ಪರವಾನಗಿ ತೋರಿಸಬೇಕು. ಇಲ್ಲಿ ದರ್ಜೆಯ ಮಾತೇ ಇಲ್ಲ. ಸಮವಸ್ತ್ರ ಇರಬೇಕು, ಅಷ್ಟೆ. ಸಬ್ ಇನ್‌ಸ್ಪೆಕ್ಟರ್ ದರ್ಜೆ ಎಂಬ ಮಾತು ಬರುವುದು ಸೆಕ್ಷನ್ 132ರಲ್ಲಿ. ಅದು ಅಪಘಾತದಂಥ ಸಂದರ್ಭದಲ್ಲಿ ಗಾಡಿಯನ್ನು ನಿಲ್ಲಿಸಿ ಇರಿಸಿಕೊಳ್ಳುವ ಕುರಿತದ್ದು. ಎರಡನ್ನೂ ಕಲಸಿ ರೀಲ್ ಮಾಡಿದ್ದಾರೆ. ಇನ್ನು ಸೆಕ್ಷನ್ 179: ಕಾನೂನುಬದ್ಧ ನಿರ್ದೇಶನ ಪಾಲಿಸದಿದ್ದರೆ 2019ರ ತಿದ್ದುಪಡಿಯ ನಂತರ 2000 ರೂಪಾಯಿವರೆಗೆ ದಂಡ.

ಪೊಲೀಸರ ಕಡೆಯೂ ಇದೇ ಥರದ ಅರ್ಧಸತ್ಯಗಳಿವೆ. ‘ಒರಿಜಿನಲ್ ಕಾರ್ಡೇ ಬೇಕು, ಮೊಬೈಲ್ ಆಗಲ್ಲ’ ಅಂದರೆ ಅದು ಸುಳ್ಳು. ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 139ಕ್ಕೆ 2018ರಲ್ಲಿ ಆದ ತಿದ್ದುಪಡಿಯ ನಂತರ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಯೂ ದಾಖಲೆಯೇ. ‘ಕೀ ಕೊಡು’ ಎಂದು ಗಾಡಿಯ ಕೀ ಕಿತ್ತುಕೊಳ್ಳಲು ಹೇಳುವ ಸೆಕ್ಷನ್ ಈ ಕಾಯ್ದೆಯಲ್ಲಿಲ್ಲ. ಗಾಡಿ ವಶಪಡಿಸಿಕೊಳ್ಳುವುದಕ್ಕೆ ಸೆಕ್ಷನ್ 207 ಕಾರಣಗಳನ್ನು ಎಣಿಸಿ ಹೇಳುತ್ತದೆ: ಲೈಸೆನ್ಸ್ ಇಲ್ಲದೆ, ನೋಂದಣಿ ಇಲ್ಲದೆ, ಪರ್ಮಿಟ್ ಇಲ್ಲದೆ ಓಡಿಸುವುದು ಇತ್ಯಾದಿ. ಹೆಲ್ಮೆಟ್ ಇಲ್ಲದಿರುವುದು ಆ ಪಟ್ಟಿಯಲ್ಲಿಲ್ಲ. ಲೈಸೆನ್ಸ್ ತೆಗೆದಿಟ್ಟುಕೊಂಡರೆ ಸೆಕ್ಷನ್ 206ರ ಪ್ರಕಾರ ಸ್ವೀಕೃತಿ ಪತ್ರ ಕೊಡಬೇಕು. ಲೈಸೆನ್ಸ್ ವಾಪಸ್ ಬರುವ ತನಕ ಗಾಡಿ ಓಡಿಸಲು ಆ ಚೀಟಿಯೇ ಆಧಾರ.

ಎಲ್ಲಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಸೆಕ್ಷನ್ 200. ಸ್ಥಳದಲ್ಲೇ ದಂಡ ಕಟ್ಟುವುದನ್ನು ಕಾನೂನು ತೀರ್ಪು ಎಂದು ಕರೆಯುವುದಿಲ್ಲ. ಅದು ರಾಜಿ. ‘ತಪ್ಪಾಯಿತು, ಕೋರ್ಟಿಗೆ ಹೋಗುವುದು ಬೇಡ, ಇಲ್ಲೇ ಮುಗಿಸೋಣ’ ಎಂದು ನೀವು ಒಪ್ಪಿದರೆ ಮಾತ್ರ ಅದು ನಡೆಯಬೇಕು. ಹಾಗೆ ರಾಜಿ ಮಾಡಿಸುವ ಅಧಿಕಾರವೂ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಅಧಿಕಾರಿಗಳಿಗೆ ಮಾತ್ರ. ನೀವು ತಪ್ಪು ಮಾಡಿಲ್ಲ ಅನ್ನಿಸಿದರೆ ‘ಕೇಸ್ ಬರೀರಿ ಸಾರ್, ಕೋರ್ಟಲ್ಲಿ ನೋಡಿಕೊಳ್ತೇನೆ’ ಅನ್ನುವುದು ಪೂರ್ತಿ ಕಾನೂನುಬದ್ಧ ಉತ್ತರ. ಅದಕ್ಕೆ ದನಿ ಏರಿಸಬೇಕಾಗಿಲ್ಲ.

ಸುತ್ತೋಲೆ ಎಂಬ ಅರ್ಧ ಗುರಾಣಿ

ಹಾಗಾದರೆ ‘ಸುಮ್ಮನೆ ದಾಖಲೆ ನೋಡಲು ಗಾಡಿ ನಿಲ್ಲಿಸುವಂತಿಲ್ಲ’ ಎಂಬ ಮಾತು ಎಲ್ಲಿಂದ ಬಂತು? ಅದು ಸುಳ್ಳಲ್ಲ. 2022ರ ಜೂನ್‌ನಲ್ಲಿ ಆಗಿನ ಡಿಜಿ-ಐಜಿಪಿ ಪ್ರವೀಣ್ ಸೂದ್ ಅವರೇ ಸಾರ್ವಜನಿಕವಾಗಿ ಹೇಳಿದ್ದು: ಕಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇಲ್ಲದಿದ್ದರೆ ಬರೀ ದಾಖಲೆ ತಪಾಸಣೆಗೆ ಯಾವ ವಾಹನವನ್ನೂ ನಿಲ್ಲಿಸಬಾರದು, ಕುಡಿದು ಓಡಿಸುವುದರ ತಪಾಸಣೆ ಮಾತ್ರ ಇದಕ್ಕೆ ಹೊರತು. ಮಂಡ್ಯದ ಸಾವಿನ ಬೆನ್ನಲ್ಲೇ ಡಿಜಿ-ಐಜಿಪಿ ಎಂ.ಎ. ಸಲೀಂ ಅವರು ಸುತ್ತೋಲೆ ಹೊರಡಿಸಿದರು. ಕಾರಣವಿಲ್ಲದೆ ತಡೆಯಬೇಡಿ, ಏಕಾಏಕಿ ಗಾಡಿಯ ಮುಂದೆ ಬರಬೇಡಿ, ಹಿಂಬದಿ ಸವಾರರನ್ನು ಎಳೆಯಬೇಡಿ, ಕೀ ಕಿತ್ತುಕೊಳ್ಳಬೇಡಿ, ಹೆದ್ದಾರಿಯಲ್ಲಿ ಅಡ್ಡಾದಿಡ್ಡಿ ಬ್ಯಾರಿಕೇಡ್ ಇಡಬೇಡಿ, ತಪ್ಪಿಸಿಕೊಂಡು ಹೋದರೆ ಬೆನ್ನಟ್ಟುವ ಬದಲು ನಂಬರ್ ಬರೆದುಕೊಳ್ಳಿ ಎಂಬುದು ಅದರ ತಿರುಳು.

ಒಳ್ಳೆಯ ಸುತ್ತೋಲೆ. ಆದರೆ ಅದರ ಮಿತಿ ನಮಗೆ ಗೊತ್ತಿರಬೇಕು. ಸುತ್ತೋಲೆ ಎಂದರೆ ಮೇಲಧಿಕಾರಿ ಕೆಳಗಿನವರಿಗೆ ಬರೆದ ಪತ್ರ. ಅದನ್ನು ಮೀರಿದ ಸಿಬ್ಬಂದಿಯ ಮೇಲೆ ಇಲಾಖೆ ಶಿಸ್ತುಕ್ರಮ ಕೈಗೊಳ್ಳಬಹುದು. ಆದರೆ ಸಂಸತ್ತು ಮಾಡಿದ ಸೆಕ್ಷನ್ 130 ಹಾಗೇ ಇದೆ. ಲೈಸೆನ್ಸ್ ಕೇಳುವ ಅಧಿಕಾರವನ್ನು ಸುತ್ತೋಲೆ ಕಿತ್ತುಕೊಳ್ಳುವುದಿಲ್ಲ, ತೋರಿಸುವ ನಮ್ಮ ಹೊಣೆಯನ್ನೂ ಇಳಿಸುವುದಿಲ್ಲ. ‘ಡಿಜಿಪಿ ಸುತ್ತೋಲೆ ಇದೆ, ನಾನು ತೋರಿಸಲ್ಲ’ ಅಂದರೆ ರಸ್ತೆಯಲ್ಲಿ ಕಾನೂನಿನ ಪ್ರಕಾರ ಸೋಲುವವರು ನಾವೇ. ‘ತೋರಿಸಿದ್ದೇನೆ. ಆದರೆ ಸುತ್ತೋಲೆ ಮೀರಿ ಯಾಕೆ ನಿಲ್ಲಿಸಿದಿರಿ?’ ಎಂದು ಮರುದಿನ ಎಸ್‌ಪಿ ಕಚೇರಿಗೆ ಬರೆದರೆ ಉತ್ತರ ಕೊಡಬೇಕಾದವರು ಅವರು. ಕಾಗದವೊಂದೇ, ಅದನ್ನು ಎಲ್ಲಿ ಹಿಡಿಯುತ್ತೇವೆ ಎಂಬುದರ ಮೇಲೆ ಗುರಾಣಿಯೂ ಆಗುತ್ತದೆ, ಉರುಳೂ ಆಗುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲಿ ಡೆಲವೇರ್ ರಾಜ್ಯದ ಪ್ರಕರಣವೊಂದರಲ್ಲಿ, ಯಾವ ಅನುಮಾನವೂ ಇಲ್ಲದೆ ಒಂದು ಕಾರನ್ನು ಆರಿಸಿ ನಿಲ್ಲಿಸಿ ಲೈಸೆನ್ಸ್ ಕೇಳುವುದು ಸಂವಿಧಾನಬಾಹಿರ ಎಂದಿತು. ಎಲ್ಲರನ್ನೂ ಒಂದೇ ಸಮ ನಿಲ್ಲಿಸುವ ತಪಾಸಣೆಗೆ ದಾರಿ ತೆರೆದಿಟ್ಟಿತು. ನಮ್ಮ ಸೆಕ್ಷನ್ 130ರಲ್ಲಿ ‘ಅನುಮಾನಕ್ಕೆ ಕಾರಣ ಇರಬೇಕು’ ಎಂಬ ಷರತ್ತೇ ಇಲ್ಲ. ನಾವು ರಾಜಕೀಯವಾಗಿ ಕೇಳಬೇಕಾದ ಬದಲಾವಣೆ ಇರುವುದು ಅಲ್ಲಿ. ಕಾನ್‌ಸ್ಟೇಬಲ್ ಜತೆಗಿನ ಜಗಳದಿಂದ ಆ ಷರತ್ತು ಹುಟ್ಟುವುದಿಲ್ಲ.

ವಾಗ್ವಾದದ ಬೆಲೆ

ರಸ್ತೆಯಲ್ಲಿ ವಾದ ಬೇಡ ಎನ್ನಲು ನನ್ನ ಮುಖ್ಯ ಕಾರಣ ‘ಕರ್ತವ್ಯಕ್ಕೆ ಅಡ್ಡಿ’. ಈ ಎರಡು ಪದ ನಮ್ಮ ಊರಿನ ಪತ್ರಿಕೆಗಳಲ್ಲಿ ವಾರ ವಾರವೂ ಕಾಣುತ್ತವೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 221 ಅಂದರೆ ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ, ಮೂರು ತಿಂಗಳವರೆಗೆ ಶಿಕ್ಷೆ. ಸೆಕ್ಷನ್ 132 ಅಂದರೆ ಕರ್ತವ್ಯದಿಂದ ತಡೆಯಲು ಹಲ್ಲೆ ಅಥವಾ ಬಲಪ್ರಯೋಗ, ಎರಡು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. ಹಳೆಯ ಐಪಿಸಿ 353 ಇದೇ. ಕೀ ವಾಪಸ್ ಪಡೆಯಲು ಕೈ ಹಿಡಿದೆಳೆದದ್ದು ಬರಹದಲ್ಲಿ ‘ಬಲಪ್ರಯೋಗ’ವಾಗಲು ಹೆಚ್ಚು ಹೊತ್ತು ಬೇಡ. ಕೊನೆಗೆ ಖುಲಾಸೆ ಆಗಬಹುದು. ಅಷ್ಟರಲ್ಲಿ ಪಾಸ್‌ಪೋರ್ಟ್ ಪರಿಶೀಲನೆ, ಗಲ್ಫ್ ಕೆಲಸಕ್ಕೆ ಬೇಕಾದ ಪೊಲೀಸ್ ಸರ್ಟಿಫಿಕೇಟ್, ಸರ್ಕಾರಿ ನೇಮಕಾತಿ ಎಲ್ಲದರಲ್ಲೂ ಆ ಕೇಸ್ ನಂಬರ್ ಹಿಂದೆ ಬರುತ್ತದೆ. ಮನೆಗೊಬ್ಬರು ದುಬೈಯಲ್ಲೋ ಮುಂಬೈಯಲ್ಲೋ ಇರುವ ನಮ್ಮ ಊರುಗಳಲ್ಲಿ ಇದು ಸಣ್ಣ ನಷ್ಟವಲ್ಲ.

ಓಡಿದರೆ ಇನ್ನೂ ಕಷ್ಟ. 2018ರ ಸೆಪ್ಟೆಂಬರ್ 29ರಂದು ಲಕ್ನೋದಲ್ಲಿ ರಾತ್ರಿ ಕಾರಿನಲ್ಲಿ ಹೋಗುತ್ತಿದ್ದ ಖಾಸಗಿ ಕಂಪನಿಯ ಅಧಿಕಾರಿಯೊಬ್ಬರಿಗೆ ಕಾನ್‌ಸ್ಟೇಬಲ್ ಗುಂಡು ಹಾರಿಸಿ ಕೊಂದರು. ಕಾರು ನಿಲ್ಲಿಸಲಿಲ್ಲ ಎಂಬುದೇ ಸಮರ್ಥನೆ. ಅದು ಉತ್ತರಪ್ರದೇಶ, ನಮ್ಮಲ್ಲಿ ಹಾಗಿಲ್ಲ ಅನ್ನುವವರು ಬಜಗೋಳಿಯಿಂದ ಘಾಟಿ ಹತ್ತಿ ಶೃಂಗೇರಿ ಕಡೆಗೆ ಹೋಗಲಿ. 2014ರ ಏಪ್ರಿಲ್ 19ರಂದು ಅದೇ ರಸ್ತೆಯ ತನಿಕೋಡು ಚೆಕ್‌ಪೋಸ್ಟ್ ಬಳಿ, ಜಾನುವಾರು ಸಾಗಿಸುತ್ತಿದ್ದ ವಾಹನದಲ್ಲಿದ್ದ ಮಂಗಳೂರು ಕಡೆಯ ಯುವಕನೊಬ್ಬ ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯ ಗುಂಡಿಗೆ ಬಲಿಯಾದ. ಜಾನುವಾರು ಸಾಗಾಟಕ್ಕೆ ಮರಣದಂಡನೆ ಯಾವ ಕಾನೂನಿನಲ್ಲೂ ಇಲ್ಲ. ಆದರೆ ಚೆಕ್‌ಪೋಸ್ಟ್‌ನ ಆ ನಿಮಿಷದಲ್ಲಿ ಕೈಯಲ್ಲಿ ಕೋವಿ ಇದ್ದವರ ಅಂದಾಜೇ ಕಾನೂನಾಯಿತು.

ಸರಿ-ತಪ್ಪಿನ ತೀರ್ಮಾನಕ್ಕೆ ರಸ್ತೆ ಎಲ್ಲಕ್ಕಿಂತ ಕೆಟ್ಟ ಜಾಗ. ಅಲ್ಲಿ ಸಾಕ್ಷಿಯಿಲ್ಲ, ದಾಖಲೆಯಿಲ್ಲ, ಎರಡೂ ಕಡೆ ಸಮಬಲವಿಲ್ಲ. ಆ ಜಾಗದಿಂದ ವಾದವನ್ನು ಹೊರಗೆ ತರುವುದು ಹೇಡಿತನವಾಗುವುದಿಲ್ಲ.

ವಿಧೇಯತೆಯೂ ಪುಕ್ಕಟೆಯಲ್ಲ

‘ತಪ್ಪು ಮಾಡದಿದ್ದರೆ ಹೆದರಿಕೆ ಯಾಕೆ? ತೋರಿಸಿ ಹೋಗು’ ಅನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಅವರ ಹೆಸರು, ಅವರ ಬಿಳಿ ಪಂಚೆ, ಠಾಣೆಯಲ್ಲಿ ಅವರಿಗಿರುವ ಪರಿಚಯ ಇವೆಲ್ಲ ಅವರ ಪರವಾಗಿ ಕೆಲಸ ಮಾಡುತ್ತವೆ. ಎಲ್ಲರಿಗೂ ಹಾಗಿಲ್ಲ. ಕರಾವಳಿಯಲ್ಲಿ ಲೈಸೆನ್ಸ್ ಮೇಲಿನ ಮೊದಲ ಸಾಲು ಹೆಸರು. ಆ ಹೆಸರು ಓದಿದ ಮೇಲೆ ಮುಂದಿನ ಪ್ರಶ್ನೆ ಯಾವುದು ಎಂಬುದು ಬದಲಾಗುತ್ತದೆ. ಹಿಂದೆ ಕೂತ ಹುಡುಗಿ ಯಾರು ಎಂಬ ಪ್ರಶ್ನೆ ಬಂದರೆ ಅದು ಸಂಚಾರ ತಪಾಸಣೆಯಾಗಿ ಉಳಿದಿರುವುದಿಲ್ಲ. ಪಿಕಪ್ ಓಡಿಸುವವರಿಗೆ, ಅಸ್ಸಾಂ-ಬಿಹಾರದಿಂದ ಬಂದು ತೋಟದಲ್ಲಿ ದುಡಿಯುವವರಿಗೆ ಪ್ರತಿ ತಡೆಯೂ ಅರ್ಧ ದಿನದ ಸಂಬಳ.

ನಾರಾವಿ ಪಕ್ಕದ ಕುತ್ಲೂರನ್ನೇ ನೋಡಿ. 2012ರ ಮಾರ್ಚ್‌ನಲ್ಲಿ ಈ ಊರಿನ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯ ಮತ್ತು ಅವರ ತಂದೆಯನ್ನು ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಿ ಯುಎಪಿಎ ಹಾಕಲಾಯಿತು. ವಶಪಡಿಸಿಕೊಂಡ ‘ಸಾಕ್ಷ್ಯ’ಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವಿತ್ತು, ಪತ್ರಿಕೆಯ ತುಣುಕುಗಳಿದ್ದವು, ಮೂಲಸೌಕರ್ಯ ಕೊಡದಿದ್ದರೆ ಚುನಾವಣೆ ಬಹಿಷ್ಕರಿಸುತ್ತೇವೆ ಎಂಬ ಪತ್ರವಿತ್ತು. 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆಗೊಳಿಸಿತು. ಒಂಬತ್ತೂವರೆ ವರ್ಷ! ಅದೇ ಕುತ್ಲೂರು 2024ರಲ್ಲಿ ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ಕೇಂದ್ರ ಸರ್ಕಾರದ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಪಡೆಯಿತು. ಪ್ರವಾಸಿಗರು ಬಂದರು, ಸೆಲ್ಫಿ ತೆಗೆದರು. ಪೊಲೀಸರು ಕೈ ಅಡ್ಡ ಹಿಡಿದರೆ ಆ ಮಲೆಯ ಮಕ್ಕಳ ಎದೆ ಹೊಡೆದುಕೊಳ್ಳುವುದು ಮಾತ್ರ ಪ್ರಶಸ್ತಿಯಿಂದ ನಿಲ್ಲುವುದಿಲ್ಲ.

ಹಾಗಾಗಿ ‘ಸುಮ್ಮನೆ ಸಹಕರಿಸಿ’ ಎಂಬುದು ನನ್ನ ಸಲಹೆಯಲ್ಲ. ಸುಮ್ಮನಿರುವುದರ ಬೆಲೆಯನ್ನು ಯಾವಾಗಲೂ ಕಡಿಮೆ ಬಲ ಇರುವವರೇ ತೆರುತ್ತಾರೆ. ಕೋರ್ಟ್ ಖರ್ಚು ತಾಳಬಲ್ಲವರು, ಊರಲ್ಲಿ ನಾಲ್ಕು ಜನರ ಪರಿಚಯ ಇರುವವರು ಬರೆದು ದೂರು ಕೊಡದಿದ್ದರೆ ಬೇರೆ ಯಾರು ಕೊಡಬೇಕು?

ಹಾಗಾದರೆ ಎಂತ ಮಾಡುವುದು?

ಮೊದಲನೆಯದು, ಇಂಡಿಕೇಟರ್ ಹಾಕಿ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ನೀವೇ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕಿತ್ತುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ತಿರುವಿನಲ್ಲಿ ಏಕಾಏಕಿ ಅಡ್ಡ ಬಂದರೆ ಬ್ರೇಕ್ ಒತ್ತಿ ಬೀಳಬೇಡಿ. ನಿಧಾನ ಮಾಡಿ, ಹತ್ತು ಮಾರು ಮುಂದೆ ಹೋಗಿ, ಬೆಳಕಿರುವ ಜಾಗದಲ್ಲಿ ಕೈ ತೋರಿಸಿ ನಿಲ್ಲಿ.

ಎರಡನೆಯದು, ಸಮವಸ್ತ್ರ ಮತ್ತು ನಾಮಫಲಕ ನೋಡಿ. ಇಲ್ಲದಿದ್ದರೆ ‘ಸಾರ್, ತಾವು ಯಾವ ಸ್ಟೇಷನ್?’ ಎಂದು ಕೇಳಿ. ನಮ್ಮ ಜಿಲ್ಲೆಯಲ್ಲಿ ಪೊಲೀಸರಲ್ಲದವರೂ ಗಾಡಿ ತಡೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅವರಿಗೆ ಯಾವ ದಾಖಲೆಯನ್ನೂ ತೋರಿಸಬೇಕಾಗಿಲ್ಲ; 112ಕ್ಕೆ ಕರೆ ಮಾಡಿ.

ಮೂರನೆಯದು, ಕೇಳಿದ್ದನ್ನು ತೋರಿಸಿ, ನಂತರ ಒಂದೇ ಪ್ರಶ್ನೆ: ‘ಯಾವ ತಪ್ಪಿಗೆ ನಿಲ್ಲಿಸಿದ್ದು ಸಾರ್?’ ಉತ್ತರ ಏನೇ ಬರಲಿ, ವಾದ ಬೇಡ, ನೆನಪಿಟ್ಟುಕೊಂಡರೆ ಸಾಕು.

ನಾಲ್ಕನೆಯದು ಫೋನ್. ಡಿಜಿಲಾಕರ್ ತೋರಿಸಲು ಕೊಟ್ಟ ಮೊಬೈಲ್‌ನಲ್ಲಿ ವಾಟ್ಸಾಪ್ ತೆರೆದು ನೋಡುವುದು ಲೈಸೆನ್ಸ್ ತಪಾಸಣೆಯಲ್ಲ. ಸ್ಕ್ರೀನ್ ತೋರಿಸಿ, ಫೋನ್ ಕೈಗೆ ಕೊಡಬೇಡಿ. 2021ರಲ್ಲಿ ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ತುರ್ತು ಸಂದರ್ಭ ಬಿಟ್ಟರೆ ಸ್ಮಾರ್ಟ್‌ಫೋನ್ ಶೋಧಕ್ಕೆ ಸರ್ಚ್ ವಾರಂಟ್ ಬೇಕು ಎಂದಿದೆ. ‘ಅದಕ್ಕೆ ನನ್ನ ಒಪ್ಪಿಗೆ ಇಲ್ಲ ಸಾರ್’ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ. ಬಲವಂತವಾಗಿ ತೆಗೆದುಕೊಂಡರೆ ಎಳೆದಾಡಬೇಡಿ. ಒಪ್ಪಿಗೆ ಕೊಟ್ಟಿಲ್ಲ ಎಂಬ ಮಾತು ನಾಳೆಗೆ ಬೇಕು. ಚೀಲವನ್ನೋ ಡಿಕ್ಕಿಯನ್ನೋ ಶೋಧಿಸಿ ಏನಾದರೂ ವಶಪಡಿಸಿಕೊಂಡರೆ, ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105ರ ಪ್ರಕಾರ ಅದರ ವಿಡಿಯೊ ಚಿತ್ರೀಕರಣ ಆಗಬೇಕು. ‘ರೆಕಾರ್ಡ್ ಆಗ್ತಾ ಇದೆಯಾ ಸಾರ್?’ ಎಂದು ಕೇಳುವುದು ನಿಮ್ಮ ಹಕ್ಕು.

ಐದನೆಯದು, ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ. ‘ಐನೂರರ ಬದಲು ಇನ್ನೂರು ಕೊಡು, ಹೋಗು’ ಎಂಬ ಮಾತಿಗೆ ತಲೆಯಾಡಿಸಿದರೆ ಮರುದಿನ ದೂರು ಕೊಡುವ ನೈತಿಕ ಬಲವೇ ಹೋಯಿತು. ಈ ವ್ಯವಸ್ಥೆಯನ್ನು ಸಾಕುತ್ತಿರುವುದು ಅರ್ಧ ಅವರು, ಅರ್ಧ ನಾವು.

ಆರನೆಯದು, ಮನೆಗೆ ಬಂದ ಕೂಡಲೇ ಬರೆದಿಡಿ. ದಿನಾಂಕ, ಗಂಟೆ, ಜಾಗ, ಜೀಪಿನ ನಂಬರ್, ಆಡಿದ ಮಾತು. ತಡೆದದ್ದು ನಾರಾವಿ-ವೇಣೂರು ಕಡೆಯಾದರೆ ದಕ್ಷಿಣ ಕನ್ನಡ ಎಸ್‌ಪಿಗೆ, ಮೂಡುಬಿದಿರೆಯಾದರೆ ಮಂಗಳೂರು ಪೊಲೀಸ್ ಕಮಿಷನರ್‌ಗೆ, ಹೊಸ್ಮಾರು ದಾಟಿದ ಮೇಲಾದರೆ ಉಡುಪಿ ಎಸ್‌ಪಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್. ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಕರ್ನಾಟಕದಲ್ಲೂ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಕಾನೂನು ಬಂದಿದೆ. ಗಂಭೀರ ವಿಷಯವಾದರೆ ಅಲ್ಲಿಗೂ ಒಂದು ಪ್ರತಿ. ‘ಆ ದಿನ ಆ ಜಾಗದಲ್ಲಿ ಯಾರ ಆದೇಶದ ಮೇಲೆ ತಪಾಸಣೆ ನಡೆಯಿತು, ಎಷ್ಟು ಪ್ರಕರಣ ದಾಖಲಾಯಿತು?’ ಎಂದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರ ತೃಪ್ತಿ ಕೊಡದೆ ಇರಬಹುದು. ಆದರೆ ಒಂದೇ ತಿರುವಿನ ಬಗ್ಗೆ ಹತ್ತು ಅರ್ಜಿ ಬಿದ್ದರೆ ಆ ತಿರುವಿನಲ್ಲಿ ನಿಲ್ಲುವವರು ಎರಡು ಸಲ ಯೋಚಿಸುತ್ತಾರೆ.

ಪೊಲೀಸರ ಮಾತಿನಲ್ಲೂ ಹುರುಳಿದೆ

ಇಷ್ಟು ಹೇಳಿ ಪೊಲೀಸರನ್ನು ಖಳರನ್ನಾಗಿ ಮಾಡಿ ಮುಗಿಸಿದರೆ ಅದು ಪ್ರಾಮಾಣಿಕ ವಿಶ್ಲೇಷಣೆಯಾಗದು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತ ಸವಾರರು ಮತ್ತು ಹಿಂಬದಿ ಸವಾರರೇ 50,029. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ‘ಪೇಟೆಗೆ ಹೋಗಿ ಬರ್ಲಿಕ್ಕೆ ಹೆಲ್ಮೆಟ್ ಯಾಕೆ ಮಾರಾಯ’ ಅನ್ನುವುದು ನಮ್ಮದೇ ಮಾತು. ಕೋಮು ಕೊಲೆಗಳ ನಂತರ 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆಂದು ವಿಶೇಷ ಕಾರ್ಯಪಡೆ ರಚನೆಯಾದಾಗ ನಿಟ್ಟುಸಿರು ಬಿಟ್ಟವರಲ್ಲಿ ಎಲ್ಲಾ ಧರ್ಮದವರೂ ಇದ್ದರು. ಮಳೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ರಾತ್ರಿಯಿಡೀ ಬ್ಯಾರಿಕೇಡ್ ಪಕ್ಕ ನಿಲ್ಲುವ ಕಾನ್‌ಸ್ಟೇಬಲ್ ಕೂಡ ನಮ್ಮಂಥದೇ ಮನೆಯ ಹುಡುಗ. ಮೇಲಿನವರು ದಿನಕ್ಕಿಷ್ಟು ಕೇಸ್ ಬೇಕು ಅಂದರೆ ಕೆಳಗಿನವರು ತಿರುವಿನ ಮರೆಯಲ್ಲಿ ನಿಲ್ಲದೆ ಇನ್ನೆಲ್ಲಿ ನಿಲ್ಲಬೇಕು?

ಹಾಗಿದ್ದೂ ನೆನಪಿಡಬೇಕಾದ್ದು: ಮಂಡ್ಯದ ಮಗು ಸತ್ತದ್ದು ಜೀವ ಉಳಿಸಲು ಮಾಡಿದ ಹೆಲ್ಮೆಟ್ ಕಾನೂನಿನ ತಪಾಸಣೆಯಲ್ಲೇ. ಉದ್ದೇಶ ಒಳ್ಳೆಯದಿದ್ದರೆ ವಿಧಾನ ಹೇಗಿದ್ದರೂ ನಡೆಯುತ್ತದೆ ಎಂಬ ವಾದ ಅಲ್ಲಿಗೇ ಮುಗಿಯಬೇಕು. ಜಾರಿ ಮಾಡುವ ಅಧಿಕಾರಿಯೇ ಕಾಯ್ದೆ ಮುರಿದರೆ ಎರಡು ಪಟ್ಟು ದಂಡ ಎಂದು ಇದೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 210ಬಿ ಹೇಳುತ್ತದೆ. ಅಧಿಕಾರದ ಜತೆ ಹೆಚ್ಚಿನ ಹೊಣೆ ಇರಬೇಕು ಎಂದು ಶಾಸನವೇ ಒಪ್ಪಿದೆ.

ಒಂದು ಚೀಟಿಯ ಬೇಡಿಕೆ

ಯುವ ಸಂಘಟನೆಗಳು, ವಿದ್ಯಾರ್ಥಿ ಸಂಘಟನೆಗಳು, ಗ್ರಾಮಸಭೆಯಲ್ಲಿ ಮಾತಾಡುವವರು ಯಾವ ಪಕ್ಷದವರೇ ಆಗಿರಲಿ, ಸೇರಿ ಕೇಳಬಹುದಾದ ಒಂದು ಬೇಡಿಕೆ ನನ್ನ ಬಳಿ ಇದೆ. ದೊಡ್ಡದೇನಲ್ಲ. ನಿಲ್ಲಿಸಿದ ಪ್ರತಿಯೊಬ್ಬರಿಗೂ, ದಂಡ ಹಾಕಲಿ ಬಿಡಲಿ, ಒಂದು ಚೀಟಿ ಅಥವಾ ಎಸ್‌ಎಂಎಸ್: ಯಾರು ನಿಲ್ಲಿಸಿದರು, ಯಾವ ಠಾಣೆ, ಎಷ್ಟು ಗಂಟೆ, ಯಾವ ಕಾರಣ.

ಇಂಗ್ಲೆಂಡಿನಲ್ಲಿ ಪೊಲೀಸರು ಯಾರನ್ನಾದರೂ ತಡೆದು ಶೋಧಿಸಿದರೆ ಅದರ ದಾಖಲೆ ಮಾಡಬೇಕು, ಕೇಳಿದರೆ ಪ್ರತಿ ಕೊಡಬೇಕು ಎಂದು 1984ರ ಕಾಯ್ದೆಯೇ ಹೇಳುತ್ತದೆ. ಆ ದಾಖಲೆಗಳಿಂದಲೇ ಅಲ್ಲಿ ಕಪ್ಪು ವರ್ಣದವರನ್ನು ಎಷ್ಟು ಹೆಚ್ಚಾಗಿ ತಡೆಯುತ್ತಾರೆ ಎಂಬುದು ಅಂಕಿಯಾಗಿ ಹೊರಬಂದು ರಾಜಕೀಯ ಪ್ರಶ್ನೆಯಾಯಿತು. ನಮ್ಮಲ್ಲಿ ದಂಡ ಹಾಕಿದ್ದಕ್ಕೆ ಮಾತ್ರ ಲೆಕ್ಕ. ಸುಮ್ಮನೆ ನಿಲ್ಲಿಸಿ ಬಿಟ್ಟದ್ದಕ್ಕೆ ಲೆಕ್ಕವಿಲ್ಲ. ಲೆಕ್ಕ ಇಲ್ಲದ ಮೇಲೆ ಪಕ್ಷಪಾತ ಇದೆ ಎಂದು ತೋರಿಸುವುದೂ ಆಗದು, ಇಲ್ಲ ಎಂದು ತೋರಿಸುವುದು ಪೊಲೀಸರಿಗೂ ಆಗದು. ತಾಂತ್ರಿಕ ಕಷ್ಟವೂ ಇಲ್ಲ: ಎಲೆಕ್ಟ್ರಾನಿಕ್ ನಿಗಾಕ್ಕೆ 2019ರಲ್ಲೇ ಕಾಯ್ದೆಗೆ ಸೆಕ್ಷನ್ 136ಎ ಬಂದಿದೆ, 2021ರ ನಿಯಮಗಳಲ್ಲಿ ಬಾಡಿ ಕ್ಯಾಮೆರಾಗಳ ಹೆಸರೂ ಇದೆ. ದಂಡದ ರಸೀದಿ ಕೊಡುವ ಯಂತ್ರವೇ ಕಾರಣದ ಚೀಟಿಯನ್ನೂ ಕೊಡಬಲ್ಲದು. ಜತೆಗೆ ಡಿಜಿಪಿ ಸುತ್ತೋಲೆಯ ಅಂಶಗಳನ್ನು ರಾಜ್ಯದ ಮೋಟಾರು ವಾಹನ ನಿಯಮಗಳಿಗೇ ಸೇರಿಸಿದರೆ, ಡಿಜಿಪಿ ಬದಲಾದ ಹಾಗೆ ನಮ್ಮ ಹಕ್ಕು ಬದಲಾಗುವುದಿಲ್ಲ.

ಕಾರಣ ಬರೆದುಕೊಡಬೇಕು ಎಂದಾದರೆ ಕಾರಣವಿಲ್ಲದ ತಡೆಗಳು ತಾವಾಗಿ ಕಡಿಮೆಯಾಗುತ್ತವೆ. ನಿಜವಾದ ಅನುಮಾನದ ಮೇಲೆ, ನಿಜವಾದ ನಾಕಾಬಂದಿಯಲ್ಲಿ ನಿಲ್ಲಿಸುವ ಪೊಲೀಸರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಆ ಚೀಟಿ ಅವರ ಪರವಾಗಿಯೂ ಸಾಕ್ಷಿ ಹೇಳುತ್ತದೆ. ಆ ಚೀಟಿ ಬರುವ ತನಕ ಅದನ್ನು ನಾವೇ ಬರೆದುಕೊಳ್ಳಬೇಕು: ಹೆಸರು, ಠಾಣೆ, ಸಮಯ, ಜಾಗ.